ಚೆಂಡು ಹೂವಿನ ಕಷಾಯ

ಟೇಕಲ್ ಸುತ್ತಿನವರು ಚನ್ನರಾಯಪ್ಪನವರ ಹೊಲವನ್ನು ಗುರುತಿಸುವುದು ಅದರ ಸಾಲುಗಳಿಂದ. ಹಗ್ಗ ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಅವರು ತೆಗೆದ ಸಾಲು ಬದುವಿನಿಂದ ಬದುವಿಗೆ ನೂಲೆಳೆದಂತಿರುತ್ತದೆ. ರಾಗಿ ಬೆಳೆಯುತ್ತಿದ್ದ ಆ ನೆಲದಲ್ಲಿ ಈಚೆಗೆ ಕಾರ್ಖಾನೆಯೊಂದಕ್ಕಾಗಿ ಚೆಂಡು ಹೂವು ಬೆಳೆಯುತ್ತಾರೆ.

ಅರವತ್ತು ದಾಟಿದ ಮೇಲೆ ಒಂದು ಬೆಳಗ್ಗೆ ಸಾಲುಗಳ ನಡುಭಾಗ ಹಾವಿನಂತೆ ಬಳುಕಿ ಕಂಡಿತು. ಕಣ್ಣುಜ್ಜಿಕೊಂಡು ನೋಡಿದರೆ ಬದುವಿನ ಕರೆಂಟು ಕಂಬವೂ ಬಳುಕಿತ್ತು. ಸಾಲು ತೆಗೆಯುವ ಕೆಲಸವೇ ತಪ್ಪಿಹೋದರೆ ತಮ್ಮದೆನ್ನಲು ಏನುಳಿದೀತು ಎಂಬ ಅಂಜಿಕೆಯಿಂದ ಅವರು ಹೆಂಡತಿ ಶ್ಯಾಮಲಮ್ಮನಿಗೂ ಬಾಯಿ ಬಿಡಲಿಲ್ಲ.

ಹೂವು ಒಯ್ಯಲು ಬಂದ ಲಾರಿಯ ಅಕ್ರಂ ಮೂಟೆ ಎತ್ತುತ್ತಾ ಮಾತಿಗೆ ಹೇಳಿದ: "ಚನ್ನರಾಯಣ್ಣಾ, ಈ ಹಳದಿ ಎಲ್ಲಿಗೆ ಹೋಗುತ್ತೆ ಗೊತ್ತಾ? ಬಣ್ಣ ತೆಗ್ದು ಕಣ್ಣಿನ ಮಾತ್ರೆ ಮಾಡ್ತಾರಂತೆ!"

ಔಷಧಿ ಹೊಲದಲ್ಲೇ ಬೆಳೆದು ನಿಂತಿರುವಾಗ ಮಾತ್ರೆಯೇಕೆ? ಶ್ಯಾಮಲಮ್ಮ ಹಾಲು ಕರೆಯಲು ಹೋದೊಡನೆ ಅವರು ಎಸಳು ಕುದಿಸಿ, ಕಹಿಗೆ ಬೆಲ್ಲ ಹಾಕಿ ಕುಡಿಯತೊಡಗಿದರು. ವಾರ ತುಂಬುವ ಮೊದಲೇ ಹೊಟ್ಟೆ ಕೆಟ್ಟಿತು. ಪಾತ್ರೆಯ ತಳಕ್ಕೆ ಹತ್ತಿದ್ದ ಹಳದಿ ಗುಟ್ಟು ಬಿಟ್ಟುಕೊಟ್ಟಿತು.

"ಔಷಧಿ ಹೊಡ್ದಿರೋ ಹೂವು ಕಣ್ರೀ! ಹುಳ ಸಾಯೋದು ಸಾಲ್ದು ಅಂತ ನೀವೂ ಕುಡುದ್ರಾ?" ಎಂದು ಶ್ಯಾಮಲಮ್ಮ ಸಿಡಿದರು. ಆಗಷ್ಟೇ ಕಣ್ಣಿನ ಸುದ್ದಿ ಹೊರಬಿತ್ತು. ಮರುದಿನ ಆಕೆಯೇ ಅವರನ್ನು ರೈಲು ಹತ್ತಿಸಿ ಮಾಲೂರಿನ ಕಣ್ಣಿನ ಡಾಕ್ಟರರ ಮುಂದೆ ಕೂರಿಸಿದರು.

"ಕಣ್ಣಿನ ಹಿಂದಿನ ಪರದೆ ನಡುವೆ ಸವೀತಿದೆ," ಎಂದರು ಡಾಕ್ಟರ್ ಚಂದನ. "ಆ ಜಾಗಕ್ಕೆ ಕಾವಲಿರೋ ಹಳದಿ ಬಣ್ಣ ಲ್ಯೂಟೀನ್. ಅದು ಊಟದಿಂದ್ಲೇ ಬರ್ಬೇಕು. ನಿಮ್ಮ ಹೂವಲ್ಲೂ ಅದೇ ಇದೆ, ಆದ್ರೆ ಕುದಿಸಿದ್ರೆ ನೀರಿಗೆ ಇಳಿಯೋಲ್ಲ. ನುಗ್ಗೆ, ದಂಟು, ಅಂಥ ಸೊಪ್ಪುಗಳಲ್ಲಿ ಸಿಗುತ್ತೆ. ಎಣ್ಣೆ ಒಗ್ಗರಣೆ ಜೊತೆ ತಿಂದ್ರೆ ಮೈಗೆ ಹತ್ತುತ್ತೆ."

"ಸಾಲು ಮತ್ತೆ ನೆಟ್ಟಗೆ ಕಾಣ್ತದಾ, ಡಾಕ್ಟ್ರಮ್ಮ?"

"ಹೋಗಿದ್ದು ವಾಪಸ್ ಬರೋಲ್ಲ. ಸವೆತ ನಿಧಾನ ಆಗ್ಬಹುದು, ಖಾತ್ರಿ ಕೊಡೋಕಾಗಲ್ಲ. ಬೀಡಿ ಬಿಡಿ. ಕರೆದಾಗ ತಪ್ಪದೆ ಬಂದು ತೋರಿಸಿ."

ಶ್ಯಾಮಲಮ್ಮನಿಗೆ ನಗು ತಡೆಯಲಾಗಲಿಲ್ಲ. "ಮದ್ವೆಯಾದಾಗಿಂದ ಮಸ್ಸೊಪ್ಪು ಬಡಿಸಿದ್ರೆ 'ನಾನೇನು ದನಾನಾ' ಅಂತ ತಟ್ಟೆ ತಳ್ಳವ್ರೆ, ಈಯಪ್ಪ!"

ಮುಂದಿನ ನಾಟಿಗೆ ಹೊಲಕ್ಕೆ ಮೊದಲ ಬಾರಿ ಹಗ್ಗ ಬಂತು. ಒಂದು ತುದಿ ಚನ್ನರಾಯಪ್ಪನವರ ಕೈಯಲ್ಲಿ, ಇನ್ನೊಂದು ಶ್ಯಾಮಲಮ್ಮನ ಕೈಯಲ್ಲಿ.

"ನಡುವೆ ಬಳುಕೈತಲ್ಲೇ."

"ಹಗ್ಗ ನೆಟ್ಟಗೈತೆ. ನೀವು ಬಿಗಿಯಾಗಿ ಎಳೀರಿ."

ಅವರು ತಮ್ಮ ಕಣ್ಣನ್ನು ನಂಬದೆ ಆಕೆಯ ಮಾತನ್ನು ನಂಬಿ ಎಳೆದರು. ಹಗ್ಗದ ಗುಂಟ ಗುದ್ದಲಿ ಸಾಗಿತು. ಹಾದಿಹೋಕರು ಎಂದಿನಂತೆ ನಿಂತು ಸಾಲು ನೋಡಿ ತಲೆದೂಗಿದರು. ಹಳೆಯ ಸಾಲಿಗೂ ಇದಕ್ಕೂ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಮಧ್ಯಾಹ್ನ ಹೊಂಗೆಯ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡಿತು. ಚನ್ನರಾಯಪ್ಪನವರು ಮುದ್ದೆ ಮುರಿದು, ಮಸ್ಸೊಪ್ಪಿನಲ್ಲಿ ಅದ್ದಿ ನುಂಗಿ, ಮತ್ತೊಂದು ಸೌಟಿಗೆ ತಟ್ಟೆ ಮುಂದೆ ಮಾಡಿದರು.

"ದನಕ್ಕೂ ಒಂಚೂರು ಉಳೀಲಿ ಕಣ್ರೀ," ಎನ್ನುತ್ತಲೇ ಶ್ಯಾಮಲಮ್ಮ ಬಡಿಸಿದರು.