ಪುರೋಹಿತರು ಮಾಡಿಸಿಕೊಟ್ಟ ಪಾಯಿಂಟ್ಸ್ ಕಾರ್ಡು

ಗೆಳೆಯರೇ, ಇವತ್ತು ಕೋಲಾರದ ಹೊಸ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಹುಡುಗಿ, "ಸಾರ್, ಪಾಯಿಂಟ್ಸ್ ಕಾರ್ಡ್ ಮಾಡ್ಕೊಡ್ತೀನಿ. ಮೊಬೈಲ್ ನಂಬರ್, ಹುಟ್ಟಿದ ದಿನ ಹೇಳಿ" ಎಂದಳು. ಸೋಪು ಕೊಳ್ಳಲು ಬಂದವನ ಹುಟ್ಟಿದ ದಿನ ಇವರಿಗೇಕೆ? "ಕೊಡಲ್ಲಮ್ಮ, ಕಾರ್ಡೂ ಬೇಡ" ಎಂದೆ.

ನನ್ನ ಜಾತಕ ಬರೆದು, ಮದುವೆಯನ್ನೂ ಮಾಡಿಸಿದ ಮುಳಬಾಗಿಲಿನ ಪುರೋಹಿತರು ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದರು. "ನಮ್ಮೋರೇ ಕಣಮ್ಮ, ಸಂಕೋಚ ಜಾಸ್ತಿ. ನಾನು ಹೇಳ್ತೀನಿ, ಬರ್ಕೋ" ಎಂದವರೇ ನನ್ನ ನಂಬರು, ಹುಟ್ಟಿದ ದಿನ, ಮದುವೆಯ ದಿನ ಎಲ್ಲವನ್ನೂ ಒಪ್ಪಿಸಿದರು. ಗೋತ್ರ, ನಕ್ಷತ್ರಕ್ಕೆ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾರ್ಡು ಕೈಗೆ ಬಂತು.

ಮುಂದಿನ ಸರದಿ ಅವರದೇ. "ಸ್ವಾಮಿ, ನಿಮ್ಮ ನಂಬರ್ ಹೇಳಿ" ಎಂದಳು ಹುಡುಗಿ.

ಊದುಬತ್ತಿ ಪೊಟ್ಟಣವನ್ನು ಮುಂದಿಡುತ್ತಾ ಪುರೋಹಿತರು ಹೇಳಿದರು: "ನಮ್ದು ಬೇಡ ತಾಯಿ. ಯಾರ್ಯಾರ ಕೈಗೆ ಹೋಗುತ್ತೋ ಏನೋ."