ಸುತ್ತಿಗೆ ಬೀಳುವ ಮುನ್ನ

ರಾಜಗೋಪಾಲನಗರದ ಬಾಡಿಗೆ ಮನೆಗೆ ಬಂದ ಮೊದಲ ಬೆಳಿಗ್ಗೆ, ತಂಬಿಗೆಯಲ್ಲಿದ್ದ ನೀರು ತಾನಾಗಿಯೇ ನಡುಗಿತು. ಯಾರೂ ಮುಟ್ಟಿರಲಿಲ್ಲ. ನಡುಗಿತು, ನಿಂತಿತು, ಮತ್ತೆ ನಡುಗಿತು. ಆಮೇಲೆ ಅಂಗಾಲಿನಿಂದ ಹಲ್ಲಿನವರೆಗೆ ಒಂದು ಗುದ್ದು ಏರಿ ಬಂತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾನು ಹೆಂಡತಿ ಶಾಂತಾಳನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದಿದ್ದೆ. ಹಾಲು ಕೊಡಲು ಬಂದಿದ್ದ ಮನೆಯ ಒಡತಿ ಗೌರಮ್ಮ ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದರು.

"ಸುತ್ತಿಗೆ ಕಣ್ರೀ ಅದು, ಹಿಂದಿನ ರೋಡಿನ ಫ್ಯಾಕ್ಟರೀದು. ಎದ್ದೇಳಿ. ನಮ್ ಮನೆ ಮಕ್ಳು ಅದು ನಿಂತ್ರೆ ನಿದ್ದೇನೇ ಮಾಡಲ್ಲ."

ನಾನು ಕೆಲಸಕ್ಕೆ ಸೇರಬೇಕಾಗಿದ್ದದ್ದು ಅದೇ ಫ್ಯಾಕ್ಟರಿಗೆ.

ಬೆಂಗಳೂರಿನ ಈ ಪೀಣ್ಯ ಹೇಗಿದೆ ಎಂದು ಬೈಲಹೊಂಗಲದ ಕಡೆಯ ನೀವೆಲ್ಲ ಕೇಳುತ್ತಲೇ ಇರುತ್ತೀರಿ. ನಮ್ಮಲ್ಲಿ ನೆಲವೆಂದರೆ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟುಕೊಂಡು ತನ್ನ ಪಾಡಿಗೆ ಬಿದ್ದಿರುತ್ತದೆ. ಇಲ್ಲಿಯ ನೆಲಕ್ಕೆ ಸುಮ್ಮನಿದ್ದು ಗೊತ್ತಿಲ್ಲ. ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗುತ್ತಿತ್ತು, ಇಲ್ಲಿ ಕಬ್ಬಿಣ ಬಡಿಯುವ ಸದ್ದಿಗೆ. ಗೌರಮ್ಮ ಕೊಟ್ಟ ಮುದ್ದೆಯನ್ನು ನಾನು ರೊಟ್ಟಿಯ ಹಾಗೆ ಅಗಿದೆ. "ಅಯ್ಯೋ, ನುಂಗ್ಬೇಕು ಸಾರ್!" ಎಂದು ಅವರು ಹಣೆ ಚಚ್ಚಿಕೊಂಡರು. ಈಗ ಶಾಂತಾ ಬಸ್ಸಾರು ಮಾಡುತ್ತಾಳೆ, ಗೌರಮ್ಮನ ಮನೆಯಲ್ಲಿ ನಮ್ಮ ಶೇಂಗಾ ಚಟ್ನಿ ಇರುತ್ತದೆ. ನಾವು ಗೆದ್ದದ್ದು ಅಷ್ಟು.

ಬೆಳಗಾವಿಯಲ್ಲಿ ಬಿ.ಎಸ್ಸಿ. ಮುಗಿಸಿ ಸಿಪಾಯಿಯಾದವನು ನಾನು. ಡಿಗ್ರಿ ಇದ್ದ ತಪ್ಪಿಗೆ ಎಲ್ಲರೂ 'ಪ್ರೊಫೆಸರ್' ಎಂದು ಕಾಡುತ್ತಿದ್ದರು. ಹಿಮದ ಬೆಟ್ಟದ ಮೇಲೆ ಯುದ್ಧ ಕಂಡೆ. ಇಳಿದು ಬಂದ ಮೇಲೆ ಸೈನ್ಯದಲ್ಲಿದ್ದುಕೊಂಡೇ ಇಂಜಿನಿಯರಿಂಗ್ ಓದಿದೆ, ನಿವೃತ್ತಿಯ ನಂತರ ಇಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಂಜಿನಿಯರ್ ಆದೆ. ಹೇಳಲು ಇಷ್ಟು ಸುಲಭ. ಆದರೆ ಆ ಬೆಟ್ಟದ ಮೇಲೆ ನನ್ನ ಜೊತೆ ಸಂಕೇಶ್ವರದ ಬಾಳಪ್ಪ ಇದ್ದ. ಚಹಾ ಬೇಕೆಂದರೆ ತನ್ನ ಮಗ್ಗನ್ನು ಕಲ್ಲಿಗೆ ಕುಟ್ಟುತ್ತಿದ್ದ: ಟಕ್ ಟಕ್, ಸ್ವಲ್ಪ ತಡೆದು, ಟಕ್. ಒಂದು ಮಧ್ಯಾಹ್ನ ಶೆಲ್ ಬಿದ್ದು ಬಂಕರ್ ಕುಸಿಯಿತು. ಕಲ್ಲುಗಳ ಕೆಳಗಿನಿಂದ ಆ ಮಗ್ಗಿನ ಸದ್ದು ಬರುತ್ತಿತ್ತು. ಉಗುರು ಕಿತ್ತುಹೋಗುವಂತೆ ಎಲ್ಲರೂ ಕಲ್ಲು ಸರಿಸಿದೆವು. ನಾವು ತಲುಪುವ ಮೊದಲೇ ಸದ್ದು ನಿಂತಿತು.

ನಮ್ಮ ಫ್ಯಾಕ್ಟರಿಯ ಸುತ್ತಿಗೆ ಒಂದು ಮನೆಯಷ್ಟು ಎತ್ತರ. ಕೆಂಪಗೆ ಕಾದ ಉಕ್ಕಿನ ಮೇಲೆ ಬಿದ್ದು ಅದನ್ನು ಲಾರಿಯ ಬಿಡಿಭಾಗ ಮಾಡುತ್ತದೆ. ಅದರ ಬುಡದಲ್ಲಿ ಎಣ್ಣೆ, ಕಬ್ಬಿಣದ ಪುಡಿ ಸೇರುವ, ಹಲಗೆ ಮುಚ್ಚಿದ ಗುಂಡಿಯಿದೆ. ಗುಂಡಿಗೆ ಇಳಿಯುವವನು ತನ್ನ ಟವೆಲನ್ನು ಸ್ವಿಚ್ಚಿನ ಹಿಡಿಗೆ ಕಟ್ಟಿಯೇ ಇಳಿಯಬೇಕು. ಟವೆಲ್ ಇರುವಷ್ಟು ಹೊತ್ತು ಸುತ್ತಿಗೆ ಹೊಡೆಯುವಂತಿಲ್ಲ, ಒಬ್ಬನ ಟವೆಲನ್ನು ಇನ್ನೊಬ್ಬ ಬಿಚ್ಚುವಂತಿಲ್ಲ. ಆಯುಧ ಪೂಜೆಯ ದಿನ ಮಾತ್ರ ಟವೆಲ್ಲುಗಳೆಲ್ಲ ಒಗೆಯಲು ಹೋಗಿ, ಆ ಹಿಡಿಯಲ್ಲಿ ಚೆಂಡುಹೂವಿನ ಹಾರ ನೇತಾಡುತ್ತದೆ. ಮಂಗಳಾರತಿಯಾದ ಮೇಲೆ ಸುತ್ತಿಗೆಯ ಕೆಳಗಿನ ಅಚ್ಚಿನಲ್ಲಿ ಒಂದು ನಿಂಬೆಹಣ್ಣು ಇಟ್ಟು, ಮಾಲೀಕರು ತಮ್ಮ ಕೈಯಾರೆ ಒಂದೇ ಒಂದು ಏಟು ಹೊಡೆಸುತ್ತಾರೆ.

ನನ್ನ ಮೊದಲ ವರ್ಷದ ಪೂಜೆ. ಸುತ್ತಮುತ್ತಲ ಫ್ಯಾಕ್ಟರಿಗಳೆಲ್ಲ ನಿಂತು, ಪೀಣ್ಯದಲ್ಲಿ ನಾನು ಕೇಳಿರದಂಥ ಮೌನ. ಮಾಲೀಕರ ಕೈ ಹಿಡಿಯ ಮೇಲಿತ್ತು. ಆಗ ನನ್ನ ಕಾಲಡಿಯಿಂದ ಬಂತು. ಟಕ್ ಟಕ್. ತಡೆದು, ಟಕ್.

"ನಿಲ್ಲಸ್ರಿ! ಒಳಗ ಯಾರೋ ಅದಾರ!"

ಕೂಗಿದ್ದು ನಾನೇ. ಮಾಲೀಕರ ಕೈಯನ್ನು ತಳ್ಳಿಯೂ ಬಿಟ್ಟಿದ್ದೆ. ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಗುಂಡಿಯಲ್ಲಿ ಒಂದು ಇಲಿಯೂ ಇರಲಿಲ್ಲ. ಕೆಲಸದವರೆಲ್ಲ ಹೊಸ ಅಂಗಿ ತೊಟ್ಟು ನನ್ನೆದುರಿಗೇ ನಿಂತಿದ್ದರು.

"ಇಂಜಿನಿಯರ್‌ಗೆ ಗಾಳಿ ಹಿಡೀತು ಮಗಾ," ಎಂದು ಯಾರೋ ಪಿಸುಗುಟ್ಟಿದರು.

"ಪೂಜೆ ಹೊತ್ತಲ್ಲಿ ಏನ್ರೀ ಇದು?" ಎಂದರು ಮಾಲೀಕರು.

ಸುತ್ತಿಗೆ ನಡೆಸುವ ಹಿರಿಯ ನಂಜಪ್ಪ ಮಾತ್ರ ನಗಲಿಲ್ಲ. "ಇರ್ಲಿ ಬಿಡಿ ಸಾರ್. ಇವತ್ತು ಟವೆಲ್ ಇಲ್ಲ. ನೋಡಿದ್ದು ಒಳ್ಳೇದೇ ಆಯ್ತು."

ನಾನು ನಾಚಿಕೆಯಿಂದ ಕುಗ್ಗಿಹೋದೆ. ಹುಚ್ಚನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? "ಊರಿಗೆ ಹೋಗೂನು ನಡೀರಿ. ಈ ಸಪ್ಪಳದಾಗ ನಿಮ್ಮ ತಲಿ ಕೆಡತೈತಿ," ಎಂದು ಶಾಂತಾ ಅತ್ತಳು. ಆದರೆ ಊರಿನ ಮೌನವನ್ನು ನೆನೆದರೆ ನನಗೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು. ಅಲ್ಲಿ ಬಾಳಪ್ಪನ ಮಗ್ಗಿನ ಸದ್ದನ್ನು ಮುಚ್ಚುವಂಥದ್ದು ಏನೂ ಇಲ್ಲ.

ಯಾರೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮರುವರ್ಷ ನಿಂಬೆಹಣ್ಣು ಇಟ್ಟ ಮೇಲೆ ನಂಜಪ್ಪ ನನ್ನ ಕಡೆ ತಿರುಗಿ, "ಸಾರ್, ಒಂದ್ಸಲ ಕೇಳ್ಬಿಡಿ," ಎಂದ. ತಮಾಷೆಯೇನೋ ಎಂದು ಮುಖ ನೋಡಿದೆ, ಅಲ್ಲ. ಮಂಡಿಯೂರಿ ಹಲಗೆಗೆ ಕಿವಿಯಿಟ್ಟೆ. ಏನೂ ಕೇಳಲಿಲ್ಲ. "ಯಾರೂ ಇಲ್ಲ, ಹೊಡೀರಿ," ಎಂದೆ. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಹೊಸಬರು ಅದನ್ನು ಹಿಂದಿನಿಂದ ಬಂದ ಶಾಸ್ತ್ರವೆಂದೇ ತಿಳಿದಿದ್ದಾರೆ. ಇಡೀ ಫ್ಯಾಕ್ಟರಿ ಉಸಿರು ಬಿಗಿಹಿಡಿದು ನನಗಾಗಿ ಕಾಯುತ್ತದೆ. ನನಗಂತೂ ಅದು ಹೆಮ್ಮೆ.

ಈ ವರ್ಷವೂ ಮೊದಲು ಗುಂಡಿಗೆ ಇಳಿದು, ಖಾಲಿ ಇರುವುದನ್ನು ಕಣ್ಣಾರೆ ನೋಡಿ ಬಂದೆ. ನಂಜಪ್ಪನೂ ಟಾರ್ಚ್ ಹಾಕಿ ನೋಡಿದ. ಹಲಗೆ ಮುಚ್ಚಿದರು. ಎಲ್ಲರೂ ಎದುರಿಗೇ ನಿಂತಿದ್ದರು. ಮಂಡಿಯೂರಿ ಕಿವಿಯಿಟ್ಟೆ.

ಟಕ್ ಟಕ್. ತಡೆದು, ಟಕ್.

ಹಲಗೆ ತಣ್ಣಗಿತ್ತು, ಆ ಬೆಟ್ಟದ ಕಲ್ಲಿನ ಹಾಗೆ. ಅವನು ಚಹಾ ಕೇಳುತ್ತಿದ್ದ, ಅಷ್ಟೇ. ನಾನು ಏಳುವುದು ತಡವಾದದ್ದಕ್ಕೆ ಮಾಲೀಕರು ಹಾರದ ನಡುವಿನಿಂದ ಬಗ್ಗಿ ನೋಡಿದರು.

"ಏನ್ ಸಾರ್?" ಎಂದ ನಂಜಪ್ಪ.

ಎದ್ದು ಮಂಡಿಯ ಧೂಳು ಕೊಡವಿಕೊಂಡೆ. "ಯಾರೂ ಇಲ್ಲ," ಎಂದೆ. "ಹೊಡೀರಿ."

ಸುತ್ತಿಗೆ ಬಿತ್ತು. ನಿಂಬೆಯ ವಾಸನೆ ಎದ್ದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಏಟು ಬಿದ್ದ ಮೇಲೆ ಇನ್ನೊಮ್ಮೆ ಕಿವಿಯಿಟ್ಟು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.