ಗೌರಕ್ಕ ಹೇಳದ ಹೆಸರು

"ಎರಡು ವಾರ ಆಯ್ತು ಕಣಣ್ಣ, ನಮ್ಮನೆಯವ್ರದ್ದು ಒಂದು ಈಮೇಲೂ ಬಂದಿಲ್ಲ!"

ತುರುವೇಕೆರೆಯ ನನ್ನ ಸೈಬರ್ ಸೆಂಟರಿನಲ್ಲಿ ದಬ್ಬೇಘಟ್ಟದ ಗೌರಕ್ಕ ಅಳುವುದೊಂದೇ ಬಾಕಿ. ಗಂಡ ದುಬೈಯಲ್ಲಿ ಕ್ರೇನ್ ಡ್ರೈವರ್. ಲಾಟರಿ ಮೇಲ್‌ಗಳ ಕಾಟ ತಪ್ಪಲೆಂದು, ಅಕ್ಕ ಹೇಳಿದ ಹೆಸರಿನವರ ಮೇಲ್ ಮಾತ್ರ ಇನ್‌ಬಾಕ್ಸಿಗೆ ಬರುವಂತೆ ಫಿಲ್ಟರ್ ಹಾಕಿಕೊಟ್ಟವನು ನಾನೇ. ಜಂಕ್ ಫೋಲ್ಡರ್ ತೆರೆದೆ. ಲಾಟರಿಗಳ ನಡುವೆ ಸಾಲುಸಾಲಾಗಿ ಗಂಡನ ಮೇಲ್‌ಗಳು! ಕೊನೆಯದರಲ್ಲಿ, ಶನಿವಾರ ಊರಿಗೆ ಬರುತ್ತೇನೆ ಎಂದಿತ್ತು. ಅವತ್ತು ಶುಕ್ರವಾರ!

"ಅಣ್ಣ, ತಂಗಿ, ಅತ್ತಿಗೆ ಎಲ್ಲಾರ್ನೂ ಹೇಳಿದ್ರಿ. ಯಜಮಾನ್ರನ್ನೇ ಬಿಟ್ರಲ್ಲಕ್ಕ?"

"ಅವ್ರ ಹೆಸ್ರ ನಾನೆಂಗೆ ಹೇಳ್ಲಣ್ಣ!"

ನಗುತ್ತಾ ಕೀಬೋರ್ಡನ್ನು ಅವರತ್ತ ಸರಿಸಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಕ್ಷರ ಹುಡುಕಿ ಹುಡುಕಿ, ಒಂದೇ ಬೆರಳಿನಲ್ಲಿ ಆ ಹೆಸರನ್ನು ಒತ್ತಿದರು. ಮುಖವೆಲ್ಲ ಅರಳಿತ್ತು, ತುಟಿ ಮಾತ್ರ ಬಿಗಿಯಾಗಿ ಮುಚ್ಚಿಯೇ ಇತ್ತು.